ಕೆರೆಗೆ ಬರುವ ನೀರಿನ ಲೆಕ್ಕ

ಮಳೆ, ನೆಲದ ಗುಣ, ಮೇಲ್ಬಯಲಿನ ಬೇಸಾಯ ಇವುಗಳಿಂದ ಕೆರೆಯ ನೀರನ್ನು ಮುಂದಾಗಿ ಅಂದಾಜು ಮಾಡುವ ಕ್ರಮ

ಕೆರೆಯ ಕೆಳಗೆ ತರಿ ಜಮೀನುಳ್ಳ ರೈತರಿಗೆ ವರ್ಷಕ್ಕೊಮ್ಮೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಈ ಸಾರಿ ಎಷ್ಟು ಎಕರೆಗೆ ಬತ್ತದ ನಾಟಿ ಮಾಡಬಹುದು? ಬಹುಮಟ್ಟಿಗೆ ಇದಕ್ಕೆ ಉತ್ತರವನ್ನು ಏರಿಯ ಮೇಲೆ ನಿಂತು ಕಣ್ಣಳತೆಯಿಂದಲೇ ಹೇಳುವುದು ವಾಡಿಕೆ. ಕೆರೆಯಲ್ಲಿ ಅರ್ಧ ನೀರಿದ್ದು ಆಕಾಶದಲ್ಲಿ ಮೋಡವಿದ್ದರೆ ಅಚ್ಚುಕಟ್ಟೆಲ್ಲವೂ ನಾಟಿಯಾಗುತ್ತದೆ. ತೆನೆ ಹಾಲುಗಟ್ಟುವ ಹೊತ್ತಿಗೆ ತೂಬಿನಲ್ಲಿ ಕೆಸರು ಮಾತ್ರ ಉಳಿದು, ಕೊನೆಯ ಗದ್ದೆಯವರ ಪೈರು ಜೊಳ್ಳಾಗುತ್ತದೆ; ಬೀಜ, ಗೊಬ್ಬರ, ಕೂಲಿಗಳಿಗಾಗಿ ಮಾಡಿದ ಸಾಲ ಮಾತ್ರ ಜೊಳ್ಳಾಗುವುದಿಲ್ಲ. ಮತ್ತೊಂದು ವರ್ಷ ಹಿಂಜರಿದು ಅರ್ಧ ಅಚ್ಚುಕಟ್ಟಿಗೆ ಮಾತ್ರ ನಾಟಿಮಾಡಿದರೆ, ಹಸ್ತ ಚಿತ್ತೆ ಮಳೆಗಳಿಗೆ ಕೆರೆ ಕೋಡಿಬಿದ್ದು ನೀರು ಹಳ್ಳದ ಪಾಲಾಗುವುದನ್ನು ನೋಡುತ್ತ ಕೂರಬೇಕಾಗುತ್ತದೆ.

ಕೆರೆಗೆ ನೀರು ಬರುವುದೂ ಬಾರದಿರುವುದೂ ದೈವಾಧೀನವೆಂಬ ಮಾತು ಅರ್ಧ ಮಾತ್ರ ನಿಜ. ಮಳೆ ಬೀಳುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಬಿದ್ದ ಮಳೆಯಲ್ಲಿ ಎಷ್ಟು ಪಾಲು ನೆಲಕ್ಕೆ ಇಂಗುವುದು, ಎಷ್ಟು ಪಾಲು ಗಿಡಮರಗಳ ಮೂಲಕವೂ ಬಿಸಿಲಿನಿಂದಲೂ ಆವಿಯಾಗಿ ಹೋಗುವುದು, ಎಷ್ಟು ಪಾಲು ಹರಿದು ಕೆರೆಯನ್ನು ಸೇರುವುದು ಎಂಬುದಕ್ಕೆ ನಿಯಮಗಳುಂಟು. ಆ ನಿಯಮಗಳನ್ನು ತಿಳಿದು ಲೆಕ್ಕ ಹಾಕಿದರೆ, ಕೆರೆಯ ನೀರನ್ನು ಅಂಗುಲ ತಪ್ಪದಂತೆ ಹೇಳಲು ಆಗದಿದ್ದರೂ, ನಾಟಿಯ ವಿಸ್ತೀರ್ಣವನ್ನು ಗೊತ್ತುಮಾಡುವಷ್ಟರ ಮಟ್ಟಿಗೆ ಹೇಳಬಹುದು.

ಕೆರೆಯ ಮೇಲ್ಬಯಲು

ಯಾವ ನೆಲದ ಮೇಲೆ ಬಿದ್ದ ಮಳೆಯು ಇಳಿದು ಒಂದು ಕೆರೆಗೆ ಅಥವಾ ಹಳ್ಳಕ್ಕೆ ಬಂದು ಸೇರುವುದೋ ಆ ನೆಲವೆಲ್ಲ ಆ ಕೆರೆಯ ಜಲಾನಯನ ಪ್ರದೇಶ. ಹಳ್ಳಿಗರು ಇದನ್ನು ಮೇಲ್ಬಯಲೆಂದು ಕರೆದರೂ ಸಲ್ಲುತ್ತದೆ. ಇದರ ಎಲ್ಲೆಯು ಗ್ರಾಮದ ಎಲ್ಲೆಯಲ್ಲ, ಹೋಬಳಿಯ ಎಲ್ಲೆಯೂ ಅಲ್ಲ. ಸುತ್ತಲಿನ ದಿಣ್ಣೆಗಳ ನೆತ್ತಿಯೇ ಇದರ ಎಲ್ಲೆ. ದಿಣ್ಣೆಯ ಈಚೆಗೆ ಬಿದ್ದ ಹನಿ ಈ ಕೆರೆಗೆ, ಆಚೆಗೆ ಬಿದ್ದ ಹನಿ ಇನ್ನೊಂದು ಕೆರೆಗೆ. ಅಚ್ಚುಕಟ್ಟಿನ ಪ್ರತಿಯೊಂದು ಗುಂಟೆಯ ಲೆಕ್ಕವನ್ನು ಬಲ್ಲ ಊರಿನ ಹಿರಿಯರಲ್ಲಿ ಅನೇಕರು ತಮ್ಮ ಕೆರೆಯ ಮೇಲ್ಬಯಲು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬುದನ್ನು ಒಮ್ಮೆಯಾದರೂ ನಡೆದು ನೋಡಿರುವುದಿಲ್ಲ. ಹಣ ಬರುವ ಮೂಲವನ್ನು ತಿಳಿಯದೆ ಖರ್ಚಿನ ಪಟ್ಟಿಯನ್ನು ಮಾತ್ರ ಬರೆದಿಟ್ಟಂತಾಯಿತು ಇದು.

ಆದಕಾರಣ ಮೊದಲು ಮಾಡತಕ್ಕ ಕೆಲಸವೆಂದರೆ, ಸರ್ವೆ ಇಲಾಖೆಯ ಭೂಪಟವನ್ನು ಹಿಡಿದು, ದಿಣ್ಣೆಯ ನೆತ್ತಿಯ ಮೇಲೆಯೇ ಕೆರೆಯನ್ನು ಒಂದು ಸುತ್ತು ಬಂದು, ಎಲ್ಲೆಯನ್ನು ಗುರುತು ಹಾಕುವುದು. ಮಳೆ ಸುರಿಯುತ್ತಿರುವಾಗ ನಡೆದರೆ ಇನ್ನೂ ಉತ್ತಮ. ನೀರು ಯಾವ ಕಡೆಗೆ ತಿರುಗುವುದೆಂಬುದನ್ನು ಆಗ ನೆಲವೇ ತೋರಿಸಿಕೊಡುತ್ತದೆ. ರಸ್ತೆ, ರೈಲುಹಾದಿ, ಹೊಸ ಬಡಾವಣೆ ಮುಂತಾದವುಗಳಿಂದ ಹಳೆಯ ಇಳಿಜಾರು ಕಡಿದುಹೋಗಿ, ಭೂಪಟದಲ್ಲಿ ಈ ಕೆರೆಗೆ ಸೇರಿದಂತೆ ಕಾಣುವ ನೆಲದ ನೀರು ವಾಸ್ತವವಾಗಿ ಮೋರಿಯ ಮೂಲಕ ಬೇರೆ ಕಡೆಗೆ ಹೋಗುತ್ತಿರುವುದು ಅಪರೂಪವಲ್ಲ.

ಮೈಸೂರು ಸೀಮೆಯ ಬಯಲುನಾಡಿನಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿ ಕೆರೆಗಳು ಒಂಟಿಯಾಗಿರುವುದು ಕಡಮೆ. ಒಂದರ ಕೋಡಿಯ ನೀರು ಕೆಳಗಿನದಕ್ಕೆ, ಅದರ ಕೋಡಿಯ ನೀರು ಮತ್ತೂ ಕೆಳಗಿನದಕ್ಕೆ ಹೀಗೆ ಸರಪಣಿಯಂತೆ ಕಟ್ಟಲ್ಪಟ್ಟಿವೆ. ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಪರಿಶೀಲಿಸಿದಾಗ, ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು 60 ಪಾಲು ಒಂದಲ್ಲ ಒಂದು ಕೆರೆಯ ಮೇಲ್ಬಯಲಾಗಿ ಆಗಲೇ ಸೇರಿಹೋಗಿರುವುದನ್ನು ಕಂಡರು. ಹೀಗಿರುವಲ್ಲಿ ಕೆಳಗಿನ ಕೆರೆಯ ಲೆಕ್ಕ ಹಾಕುವವರು ಮೇಲಿನ ಕೆರೆಗಳು ತುಂಬುವವರೆಗೆ ಅವುಗಳ ಪಾಲನ್ನು ಕಳೆದೇ ಲೆಕ್ಕ ಹಾಕಬೇಕು. ಈ ನಂಟು ಎಷ್ಟು ಹಳೆಯ ವ್ಯಾಜ್ಯಗಳಿಗೆ ಕಾರಣವೆಂಬುದಕ್ಕೆ 1892ರ ಮದರಾಸು-ಮೈಸೂರು ಒಪ್ಪಂದವೇ ಸಾಕ್ಷಿ. ಮೇಲಿನ ಸೀಮೆಯಲ್ಲಿ ಹೊಸ ಕೆರೆಕಟ್ಟೆಗಳಾದರೆ ಕೆಳಗಿನ ಸೀಮೆಯ ಹಳೆಯ ಬೇಸಾಯಕ್ಕೆ ನೀರು ಕಡಮೆಯಾದೀತೆಂಬ ಅಂಜಿಕೆಯಿಂದ ಅದು ಹುಟ್ಟಿತು. ಎರಡು ಸರ್ಕಾರಗಳ ನಡುವೆ ನಡೆದುದೇ ಎರಡು ಊರುಗಳ ನಡುವೆ ಪ್ರತಿ ವರ್ಷವೂ ನಡೆಯುತ್ತದೆ.

ಮಳೆಯ ಲೆಕ್ಕ

ಕನ್ನಡ ನಾಡಿನಲ್ಲಿ ಮಳೆಯ ಹಂಚಿಕೆ ಎಷ್ಟು ವಿಷಮವೆಂಬುದನ್ನು ಎಲ್ಲರೂ ಬಲ್ಲರು. ಪಶ್ಚಿಮದ ಘಟ್ಟದ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆಯಾಗುತ್ತದೆ. ಅಲ್ಲಿಂದ ಕಾಗೆ ಹಾರುವ ದಾರಿಯಲ್ಲಿ ಸುಮಾರು 120 ಮೈಲಿ ದೂರದ ಚಳ್ಳಕೆರೆಯಲ್ಲಿ 20 ಅಂಗುಲ ಮುಟ್ಟುವುದೂ ಕಷ್ಟ. ಸಮುದ್ರದಿಂದ ಬರುವ ಮುಂಗಾರಿನ ಗಾಳಿಯು ಘಟ್ಟವನ್ನು ಏರುವಾಗ ತಣಿದು ತನ್ನ ನೀರನ್ನು ಅಲ್ಲಿಯೇ ಸುರಿಸಿ, ಇಳಿಯುವಾಗ ಬೆಚ್ಚಗಾಗಿ ಒಣಗಾಳಿಯಾಗಿ ಬಯಲುಸೀಮೆಗೆ ಬರುವುದೇ ಇದಕ್ಕೆ ಕಾರಣ. ಬಯಲುಸೀಮೆಯ ಕೆರೆಗಳನ್ನು ತುಂಬಿಸುವುದು ಬಹುಮಟ್ಟಿಗೆ ಆರಿದ್ರಾ ಪುನರ್ವಸುಗಳ ಜಿನುಗು ಮಳೆಯಲ್ಲ. ಉತ್ತರೆಯಿಂದ ಸ್ವಾತಿಯವರೆಗಿನ ಜೋರು ಮಳೆಗಳು.

ಇಲ್ಲಿ ಎಲ್ಲರೂ ಗಮನಿಸತಕ್ಕ ವಿಷಯವೊಂದಿದೆ. ಮಳೆ ಅರ್ಧವಾದರೆ ಕೆರೆಯ ನೀರೂ ಅರ್ಧವಾಗುವುದೆಂದು ಸಾಮಾನ್ಯವಾಗಿ ಜನರು ಎಣಿಸುತ್ತಾರೆ. ಇದು ದೊಡ್ಡ ತಪ್ಪು. ನೆಲವು ತನ್ನ ಬಾಯಾರಿಕೆಯನ್ನು ಮೊದಲು ತೀರಿಸಿಕೊಂಡು ಮಿಕ್ಕುದನ್ನು ಮಾತ್ರ ಹಳ್ಳಕ್ಕೆ ಬಿಡುತ್ತದೆ. ಕುಟುಂಬದ ಊಟದ ಖರ್ಚು ಕಳೆದು ಉಳಿದುದು ತಾನೆ ಸಂತೆಗೆ ಹೋಗುವುದು? ಬೆಳೆ ಅರ್ಧವಾದ ವರ್ಷ ಸಂತೆಗೆ ಹೋಗುವ ಕಾಳು ಅರ್ಧವಾಗುವುದಿಲ್ಲ, ಇಲ್ಲವೇ ಇಲ್ಲವೆನ್ನುವಂತಾಗುತ್ತದೆ. ನೀರಿನ ಕಥೆಯೂ ಹಾಗೆಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಪ್ರಾಂತದ ಮರಾಮತ್ತು ಇಲಾಖೆಯ ಇಂಜಿನಿಯರಾದ ಸ್ಟ್ರೇಂಜ್ ಎಂಬವರು ದಖ್ಖಣದ ಮೇಲ್ಬಯಲುಗಳನ್ನು ಅಳೆದು ಒಂದು ಕೋಷ್ಟಕವನ್ನು ಸಿದ್ಧಪಡಿಸಿದರು. ನಮ್ಮ ಸೀಮೆಯ ನೆಲಕ್ಕೆ ಹತ್ತಿರದ ನೆಲದಿಂದ ಬಂದುದಾದ್ದರಿಂದ ಇಂಜಿನಿಯರುಗಳು ಇದನ್ನು ಈಗಲೂ ಉಪಯೋಗಿಸುತ್ತಾರೆ. ಮೇಲ್ಬಯಲನ್ನು ಅವರು ಉತ್ತಮ, ಮಧ್ಯಮ, ಕನಿಷ್ಠವೆಂದು ಮೂರಾಗಿ ವಿಂಗಡಿಸಿದರು. ಇಲ್ಲಿ ಉತ್ತಮವೆಂದರೆ ಬೇಸಾಯಕ್ಕೆ ಉತ್ತಮವಲ್ಲ, ನೀರನ್ನು ಹರಿಯಬಿಡುವುದರಲ್ಲಿ ಉತ್ತಮ. ಬಂಡೆ, ಕಡಿದಾದ ಇಳಿಜಾರು, ಗಟ್ಟಿನೆಲ ಇವು ಉತ್ತಮ. ಸಮತಟ್ಟಾದ ಮರಳುಭೂಮಿ ಕನಿಷ್ಠ. ಮಳೆಗಾಲದ ಒಟ್ಟು ಮಳೆಯಲ್ಲಿ ನೂರಕ್ಕೆ ಎಷ್ಟು ಪಾಲು ಕೆರೆಗೆ ಹರಿದುಬರುವುದೆಂಬುದು ಹೀಗಿದೆ:

ಮಳೆ 10 ಅಂಗುಲ: ಉತ್ತಮ 4.3, ಮಧ್ಯಮ 3.2, ಕನಿಷ್ಠ 2.1
ಮಳೆ 20 ಅಂಗುಲ: ಉತ್ತಮ 15.0, ಮಧ್ಯಮ 11.3, ಕನಿಷ್ಠ 7.5
ಮಳೆ 30 ಅಂಗುಲ: ಉತ್ತಮ 26.3, ಮಧ್ಯಮ 19.7, ಕನಿಷ್ಠ 13.1
ಮಳೆ 40 ಅಂಗುಲ: ಉತ್ತಮ 37.5, ಮಧ್ಯಮ 28.1, ಕನಿಷ್ಠ 18.7

ಒಂದು ಚದರ ಮೈಲಿಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು 23,23,200 ಘನ ಅಡಿಯಾಗುತ್ತದೆ. ಈಗ ಎರಡು ಚದರ ಮೈಲಿಯ ಮಧ್ಯಮ ತರದ ಮೇಲ್ಬಯಲುಳ್ಳ ಒಂದು ಕೆರೆಯನ್ನು ಊಹಿಸಿಕೊಳ್ಳಬಹುದು. ಮಳೆಗಾಲದಲ್ಲಿ 20 ಅಂಗುಲ ಬಿದ್ದರೆ ಹರಿದುಬರುವುದು 2.26 ಅಂಗುಲ, ಅಂದರೆ ಸುಮಾರು 105 ಲಕ್ಷ ಘನ ಅಡಿ. 10 ಅಂಗುಲವೇ ಬಿದ್ದರೆ ಹರಿದುಬರುವುದು ಅಂಗುಲದ ಮೂರನೆಯ ಒಂದು ಪಾಲಿಗೂ ಕಡಮೆ. ಅಂದರೆ ಸುಮಾರು 15 ಲಕ್ಷ ಘನ ಅಡಿ. ಮಳೆ ಅರ್ಧವಾಯಿತು, ನೀರು ಏಳರಲ್ಲಿ ಒಂದು ಪಾಲಾಯಿತು. ಅದೇ ಮಳೆ 30 ಅಂಗುಲವಾದರೆ 275 ಲಕ್ಷ ಘನ ಅಡಿ ಬಂದು, ಕೆರೆಯ ಅಳತೆಗೆ ಮೀರಿ, ಬಹುಪಾಲು ಕೋಡಿಯ ಮೇಲೆ ಹೋಗುತ್ತದೆ. ಬಯಲುಸೀಮೆಯ ಕೆರೆಯು ಒಂದು ವರ್ಷ ತುಂಬಿ ನಾಲ್ಕು ವರ್ಷ ಒಣಗುವುದರ ಗುಟ್ಟು ಇದೇ.

ಒಂದೇ ಮಳೆ, ಬೇರೆ ಬೇರೆ ನೀರು

ವರ್ಷದ ಮೊತ್ತ ಒಂದೇ ಆದರೂ ಅದು ಬಿದ್ದ ಬಗೆಯಿಂದ ಕೆರೆಯ ಪಾಲು ಬದಲಾಗುತ್ತದೆ. ಸ್ಟ್ರೇಂಜ್‌ರವರೇ ದಿನದಿನದ ಮಳೆಗೂ ಕೋಷ್ಟಕವನ್ನು ಕೊಟ್ಟಿರುತ್ತಾರೆ. ಮಧ್ಯಮ ಮೇಲ್ಬಯಲಿನಲ್ಲಿ ಒಂದು ದಿನ ಒಂದು ಅಂಗುಲ ಮಳೆ ಬಿದ್ದರೆ, ಒಣನೆಲದಿಂದ ನೂರಕ್ಕೆ 3, ಹಸಿನೆಲದಿಂದ 11, ನೆನೆದು ತೊಯ್ದ ನೆಲದಿಂದ 18 ಪಾಲು ಹರಿಯುತ್ತದೆ. ಎರಡು ಅಂಗುಲಕ್ಕೆ ಕ್ರಮವಾಗಿ 10, 22, 34. ನಾಲ್ಕು ಅಂಗುಲಕ್ಕೆ 30, 50, 70.

ನಾಲ್ಕು ಅಂಗುಲ ಮಳೆಯು ದಿನಕ್ಕೊಂದು ಅಂಗುಲದಂತೆ ನಾಲ್ಕು ದಿನ ಬಿತ್ತೆಂದು ಇಟ್ಟುಕೊಳ್ಳೋಣ. ಮೊದಲನೆಯ ದಿನ ನೆಲ ಒಣಗಿತ್ತು, ಎರಡನೆಯ ದಿನ ಹಸಿ, ಮುಂದಿನ ಎರಡು ದಿನ ತೊಯ್ದಿತ್ತು ಎಂದರೆ, ಒಟ್ಟು ಹರಿದುಬರುವುದು ಅರ್ಧ ಅಂಗುಲ. ಅದೇ ನಾಲ್ಕು ಅಂಗುಲ ಹಸಿನೆಲದ ಮೇಲೆ ಒಂದೇ ದಿನ ಸುರಿದರೆ ಎರಡು ಅಂಗುಲ, ಎಂದರೆ ನಾಲ್ಕು ಮಡಿ. ಮೊದಲನೆಯ ಬಗೆಯಲ್ಲಿ ಹೊಲದ ರಾಗಿಗೆ ಲಾಭ. ಎರಡನೆಯ ಬಗೆಯಲ್ಲಿ ಕೆರೆಗೆ ಲಾಭ, ಹೊಲದ ಮೇಲ್ಮಣ್ಣಿಗೆ ನಷ್ಟ, ಏರಿಗೆ ಅಪಾಯ. ಖುಷ್ಕಿಯವರು ಒಳ್ಳೆಯ ಮಳೆಯೆಂದು ಸಂತೋಷಪಡುವ ವರ್ಷವೇ ತರಿಯವರು ಕೆರೆಗೆ ನೀರಿಲ್ಲವೆಂದು ಕೊರಗುವುದುಂಟು. ಇಬ್ಬರ ಮಾತೂ ಸರಿಯೆ.

ಈಚಿನ ಕಾಲದ ಹವೆಯ ಬದಲಾವಣೆಯನ್ನು ಇಲ್ಲಿಯೇ ಗಮನಿಸುವುದು ಯುಕ್ತ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿದೆ. ಗಾಳಿಯು ಒಂದು ಡಿಗ್ರಿ ಬೆಚ್ಚಗಾದರೆ ನೂರಕ್ಕೆ ಸುಮಾರು 7 ಪಾಲು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ಅದರಿಂದ ಎರಡು ಫಲಗಳುಂಟು. ಮಳೆ ಬಿದ್ದಾಗ ಜೋರಾಗಿ ಬೀಳುವ ಸಂಭವ ಹೆಚ್ಚು. ಬೀಳದಿರುವ ದಿನಗಳಲ್ಲಿ ನೆಲವೂ ಕೆರೆಯೂ ಬೇಗ ಒಣಗುವ ಸಂಭವವೂ ಹೆಚ್ಚು. ಹಳೆಯ ಕೋಡಿಗಳು ಹಳೆಯ ಮಳೆಗಳ ಅನುಭವದಿಂದ ಕಟ್ಟಿದುವು. ಆದಕಾರಣ ಕೋಡಿಯ ಬಾಯಿಯನ್ನು ಒತ್ತುವರಿಮಾಡಿ ಕಿರಿದು ಮಾಡಿರುವ ಊರುಗಳವರು ನೀರಿನ ಲೋಭದಿಂದ ಏರಿಯನ್ನೇ ಪಣಕ್ಕೆ ಒಡ್ಡಿದ್ದಾರೆಂದು ತಿಳಿಯತಕ್ಕದ್ದು. ಒಂದು ಅಡಿ ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳಿನ ಚೀಲಗಳನ್ನು ಪೇರಿಸುವ ಕೆಟ್ಟ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು.

ನೆಲದ ಗುಣ

ಬಯಲುಸೀಮೆಯ ಬಹುಭಾಗದಲ್ಲಿ ಮೇಲೆ ಕೆಂಪುಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಸವೆದು ಬಿರಿದ ಕಲ್ಲು, ಅದಕ್ಕೂ ಕೆಳಗೆ ಗಟ್ಟಿಬಂಡೆ. ಕೆಂಪುಮಣ್ಣು ನೀರನ್ನು ಬೇಗ ಕುಡಿಯುತ್ತದೆ. ಆದರೆ ಬರಿಯ ನೆಲದ ಮೇಲೆ ದಪ್ಪಹನಿಯ ಮಳೆ ಹೊಡೆದರೆ ಮೇಲೆ ತೆಳುವಾದ ಗಟ್ಟಿಪದರ ಕಟ್ಟಿ, ನೀರು ಇಂಗದೆ ಜಾರಿಹೋಗುತ್ತದೆ. ಎರೆಭೂಮಿಯ ಸ್ವಭಾವವೇ ಬೇರೆ. ಬೇಸಗೆಯಲ್ಲಿ ಬಿರಿದ ಅದರ ಬಿರುಕುಗಳು ಮೊದಲ ಮಳೆಗಳನ್ನೆಲ್ಲ ನುಂಗುತ್ತವೆ. ಹಳ್ಳಕ್ಕೆ ಒಂದು ತಂಬಿಗೆಯೂ ಬಾರದು. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲಿನ ಮಳೆಯನ್ನು ಒಳಗೆ ಬಿಡುವುದಿಲ್ಲ. ಹೀಗಾಗಿ ಎರೆಯ ಮೇಲ್ಬಯಲಿನ ಕೆರೆಯು ಹಿಂಗಾರಿನಲ್ಲಿ ಒಂದೆರಡು ಮಳೆಗಳಿಗೇ ತುಂಬುವುದನ್ನು ಕಾಣಬಹುದು.

ಮರಗಳ ವಿಚಾರದಲ್ಲಿ ಜನರಲ್ಲಿ ಬಹಳ ತಪ್ಪುತಿಳಿವಳಿಕೆ ಇದೆ. ಮರ ಬೆಳೆಸಿದರೆ ಕೆರೆ ತಾನಾಗಿ ತುಂಬುವುದೆಂದು ಕೆಲವರು ಹೇಳುತ್ತಾರೆ. ಮಲೆನಾಡಿನ ಕಾಡು ತನ್ನ ಎಲೆಗೊಬ್ಬರದ ಹೊದಿಕೆಯಿಂದ ಮಳೆಯನ್ನು ಇಂಗಿಸಿಕೊಂಡು, ಮಣ್ಣು ಕೊಚ್ಚದಂತೆ ತಡೆದು, ಮಳೆ ನಿಂತಮೇಲೂ ಹಳ್ಳಗಳಿಗೆ ನಿಧಾನವಾಗಿ ಬಿಡುವುದು ನಿಜ. ಆದರೆ ಮರವೂ ನೀರನ್ನು ಕುಡಿಯುವ ಪ್ರಾಣಿಯೇ. ಹೊಸಕೋಟೆಯಲ್ಲಿಯೂ ಮಲೆನಾಡಿನ ಅಂಚಿನ ಬೇರೆ ಕೆಲವು ಸ್ಥಳಗಳಲ್ಲಿಯೂ ನಡೆದು 1990ರ ದಶಕದಲ್ಲಿ ಪ್ರಕಟವಾದ ಪರೀಕ್ಷೆಗಳಿಂದ, ಕಾಡುಮರಗಳಾಗಲಿ ನೀಲಗಿರಿಯಾಗಲಿ ರಾಗಿಯ ಹೊಲಕ್ಕಿಂತ ಸುಮಾರು ಎರಡರಷ್ಟು ನೀರನ್ನು ಬಳಸುವುದಾಗಿ ಕಂಡುಬಂತು. ಮಣ್ಣು ಆಳವಿಲ್ಲದ ಕಡೆ ನೀಲಗಿರಿಯು ಆ ಸೀಮೆಯ ಕುರುಚಲು ಕಾಡಿಗಿಂತ ಹೆಚ್ಚು ಬಳಸಲಿಲ್ಲ; ಆಳವಾದ ಮಣ್ಣುಳ್ಳ ಹೊಸಕೋಟೆಯಲ್ಲಿ ಮಾತ್ರ ಅದರ ಬೇರುಗಳು ಆಳಕ್ಕೆ ಇಳಿದು, ಆಯಾ ವರ್ಷ ಬಿದ್ದ ಮಳೆಗಿಂತಲೂ ಅಧಿಕವಾಗಿ, ನೆಲದಲ್ಲಿ ಹಿಂದಿನಿಂದ ಕೂಡಿಟ್ಟಿದ್ದ ನೀರನ್ನೂ ಎಳೆದುವು. ಕರ್ನಾಟಕ ಸರ್ಕಾರವು 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಮೇಲ್ಬಯಲಿನ ಗೋಮಾಳದಲ್ಲಿ ಏನನ್ನು ಬೆಳೆಸಬೇಕೆಂದು ಊರು ನಿರ್ಣಯಿಸುವಾಗ ಸೌದೆಯ ಬೆಲೆಯೊಡನೆ ನೀರಿನ ಬೆಲೆಯನ್ನೂ ಹಿಡಿಯತಕ್ಕದ್ದು. ಹುಲ್ಲು, ಹೊಂಗೆ, ಹುಣಿಸೆಗಳ ಬೆರಕೆಯು ಮಣ್ಣನ್ನು ಹಿಡಿಯುವುದಕ್ಕೆ ಸಾಕು.

ಹೊಲಗಳ ಬದುಗಳಿಂದಲೂ ಕೆರೆಯ ಪಾಲು ಕಡಮೆಯಾಗುತ್ತದೆ. ಈ ಮಾತನ್ನು ಹೇಳಲು ಅಧಿಕಾರಿಗಳು ಸಾಮಾನ್ಯವಾಗಿ ಸಂಕೋಚಪಡುತ್ತಾರೆ, ಬದು ಹಾಕಿರೆಂದು ಉಪದೇಶಿಸುವವರೂ ಅವರೇ ಆದ್ದರಿಂದ. ಮೇಲಿನ ಹೊಲದವನು ಸಮಪಾತಳಿಯ ಬದುವಿನಿಂದ ನಿಲ್ಲಿಸಿದ ನೀರು ಅವನ ರಾಗಿಗೂ ತೊಗರಿಗೂ ಆಯಿತು. ಕೆಳಗಿನ ಗದ್ದೆಗೆ ಬಾರದು. ಹಾಗೆಂದು ಬದುಗಳನ್ನು ಒಡೆಯತಕ್ಕದ್ದಲ್ಲ. ಬದುವಿಲ್ಲದ ಹೊಲದಿಂದ ಬರುವುದು ಬರಿಯ ನೀರಲ್ಲ, ಹೂಳು. ಹೂಳು ತುಂಬಿದ ಕೆರೆಗೆ ನೀರು ಬಂದರೂ ನಿಲ್ಲಲು ಸ್ಥಳವಿರುವುದಿಲ್ಲ. ಬದುಗಳಾದ ಮೇಲ್ಬಯಲನ್ನು ಒಂದು ತರಗತಿ ಕೆಳಗಿಳಿಸಿ, ಮಧ್ಯಮವಿದ್ದುದನ್ನು ಕನಿಷ್ಠವೆಂದು ಲೆಕ್ಕ ಹಾಕುವುದೇ ನ್ಯಾಯವಾದ ಮಾರ್ಗ.

ಎರಡು ನಿದರ್ಶನಗಳು

ಹಿರಿಯೂರಿನ ಬಳಿ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಪೂರ್ತಿ ತುಂಬಿತು. ಮತ್ತೆ ಕೋಡಿಬಿದ್ದುದು 2022ರಲ್ಲಿ. ನಡುವೆ 89 ವರ್ಷಗಳು ಸಂದುವು. ಕಣಿವೆಗೆ ದೇವಿಯ ಮುನಿಸೆಂದು ಹೇಳಿದವರೂ ಉಂಟು. ಲೆಕ್ಕ ಹಾಕಿದರೆ ಆಶ್ಚರ್ಯಪಡುವಂಥದೇನೂ ಕಾಣುವುದಿಲ್ಲ. ಈ ಜಲಾಶಯದ ಮೇಲ್ಬಯಲು ಸುಮಾರು 2,075 ಚದರ ಮೈಲಿ; ತುಂಬಿದಾಗ ಹಿಡಿಯುವ ನೀರು ಸುಮಾರು 3,000 ಕೋಟಿ ಘನ ಅಡಿ. ಅಷ್ಟು ನೀರು ಒಂದೇ ವರ್ಷದಲ್ಲಿ ಬರಬೇಕಾದರೆ ಮೇಲ್ಬಯಲಿನ ಪ್ರತಿಯೊಂದು ಅಂಗೈಯಗಲದ ನೆಲದಿಂದಲೂ ಆರು ಅಂಗುಲಕ್ಕೆ ಮಿಕ್ಕು ನೀರು ಹರಿದುಬರಬೇಕು. ವೇದಾ ಮತ್ತು ಅವತಿ ಹೊಳೆಗಳು ಹುಟ್ಟುವ ಬಾಬಾಬುಡನ್ ಬೆಟ್ಟಗಳಲ್ಲಿ ಮಳೆ ಬಲವಾದರೂ, ಮೇಲ್ಬಯಲಿನ ಬಹುಭಾಗ ಕಡೂರು, ಹೊಸದುರ್ಗಗಳ ಕಡೆಯ ಒಣನೆಲ. ಮಳೆಗಾಲದಲ್ಲಿ ಒಟ್ಟಿನ ಮೇಲೆ 25 ಅಂಗುಲ ಬಿತ್ತೆಂದೂ ನೆಲ ಮಧ್ಯಮವೆಂದೂ ಹಿಡಿದರೆ ಕೋಷ್ಟಕದ ಪ್ರಕಾರ ಹರಿಯುವುದು ನಾಲ್ಕು ಅಂಗುಲಕ್ಕೆ ಕಡಮೆ, ಸುಮಾರು 1,900 ಕೋಟಿ ಘನ ಅಡಿ. ಅದರಲ್ಲಿ ಅಯ್ಯನಕೆರೆ, ಮದಗದ ಕೆರೆ ಮೊದಲ್ಗೊಂಡು ಮೇಲಿನ ಕೆರೆಗಳೆಲ್ಲ ತಮ್ಮ ಪಾಲನ್ನು ಮೊದಲೇ ಹಿಡಿಯುತ್ತವೆ. ಉಳಿದು ಬಂದುದರಲ್ಲಿಯೂ ಬಿಸಿಲಿನ ಪಾಲುಂಟು: ಬಯಲುಸೀಮೆಯಲ್ಲಿ ತೆರೆದ ನೀರು ವರ್ಷಕ್ಕೆ ಐದಾರು ಅಡಿ ಆವಿಯಾಗುವುದರಿಂದ, 30 ಚದರ ಮೈಲಿ ಹರಡಿದ ನೀರಿನಿಂದ ವರ್ಷಕ್ಕೆ 400 ಕೋಟಿ ಘನ ಅಡಿಗೂ ಹೆಚ್ಚು ಆಕಾಶಕ್ಕೆ ಹೋಗುತ್ತದೆ. ಇದಾದಮೇಲೆ ನಾಲೆಗಳಿಗೆ ಬಿಡತಕ್ಕುದು ಬೇರೆ. ಅಸಾಧಾರಣವಾದ ಮಳೆಯಾಗಿ, ಮೇಲಿನ ಕೆರೆಗಳೆಲ್ಲ ತುಂಬಿ, ಹಿಂದಿನ ವರ್ಷದ ನೀರೂ ಉಳಿದಿದ್ದರೆ ಮಾತ್ರ ಇಂಥ ಜಲಾಶಯ ತುಂಬಬೇಕು. 2025ರ ಜನವರಿಯಲ್ಲಿ ಮತ್ತೆ ತುಂಬಿದಾಗ ಭದ್ರಾ ನದಿಯಿಂದ ಎತ್ತಿ ತಂದ ನೀರೂ ಸೇರಿತ್ತು. ಅಂದರೆ ಬೇರೊಂದು ಮೇಲ್ಬಯಲಿನ ನೀರನ್ನು ಎರವಲು ತಂದಂತಾಯಿತು.

ಎರಡನೆಯ ನಿದರ್ಶನವು ಇದಕ್ಕಿಂತ ಎಚ್ಚರಿಕೆಯನ್ನುಂಟುಮಾಡತಕ್ಕುದು. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿಯೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಜಲಾಶಯಗಳಾಗಿ ಬೆಂಗಳೂರಿಗೆ ನೀರು ಒದಗುತ್ತಿತ್ತು. 1970ರ ದಶಕದಿಂದೀಚೆಗೆ ಹೊಳೆಯ ನೀರು ಇಳಿಯುತ್ತ ಬಂದು, ಹೊಳೆ ಬಹುಪಾಲು ಒಣಗಿತು. ಮಳೆ ಕಡಮೆಯಾಯಿತೆಂದೇ ಜನರು ನಂಬಿದ್ದರು. 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಮಳೆಯ ಅಂಕಿಗಳನ್ನೂ ಉಷ್ಣತೆಯನ್ನೂ ಪರಿಶೀಲಿಸಿದಾಗ, ಹೊಳೆ ಬತ್ತಿಹೋಗುವಷ್ಟು ಬದಲಾವಣೆ ಅವುಗಳಲ್ಲಿ ಕಾಣಲಿಲ್ಲ. ಕೊಳವೆಬಾವಿಗಳಿಂದ ನೆಲದ ನೀರನ್ನು ಎಳೆದುದು, ನೀಲಗಿರಿಯ ತೋಪುಗಳು, ಹಳ್ಳಗಳಿಗೆ ಹಾಕಿದ ಸಣ್ಣ ತಡೆಕಟ್ಟೆ ಮತ್ತು ಬದುಗಳು, ಇವೇ ಮುಖ್ಯ ಕಾರಣಗಳೆಂದು ನಿರ್ಣಯವಾಯಿತು.

ಕೊಳವೆಬಾವಿಗೂ ಹಳ್ಳಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಹಿಂದೆ ತೆರೆದ ಬಾವಿಗಳಲ್ಲಿ ನೀರು ಇಪ್ಪತ್ತು ಮೂವತ್ತು ಅಡಿಯಲ್ಲಿ ಸಿಕ್ಕುತ್ತಿದ್ದಾಗ, ನೆಲದೊಳಗಿನ ನೀರಿನ ಮಟ್ಟವು ಹಳ್ಳದ ತಳಕ್ಕೆ ಸಮನಾಗಿಯೋ ಮೇಲಾಗಿಯೋ ಇದ್ದು, ಹಳ್ಳದ ಪಕ್ಕದಿಂದ ಒರತೆಯಾಗಿ ಜಿನುಗುತ್ತಿತ್ತು. ಮಳೆ ನಿಂತು ಎರಡು ತಿಂಗಳಾದರೂ ಹಳ್ಳ ಹರಿಯುತ್ತಿದ್ದುದು ಈ ಒರತೆಯಿಂದ. ಮಟ್ಟವು ನೂರಾರು ಅಡಿ ಇಳಿದುಹೋದಮೇಲೆ ಒರತೆ ನಿಂತಿತು. ನಿಂತುದು ಮಾತ್ರವಲ್ಲ, ಈಗ ಹಳ್ಳದಲ್ಲಿ ಬರುವ ಮಳೆಯ ನೀರೇ ಬರಿದಾದ ನೆಲಕ್ಕೆ ಇಳಿದುಹೋಗುತ್ತದೆ. ಮೇಲ್ಬಯಲಿನಲ್ಲಿ ಕೊರೆದ ಪ್ರತಿಯೊಂದು ಕೊಳವೆಬಾವಿಯೂ ಕೆರೆಗೆ ಇಟ್ಟ ಒಂದು ಕಾಣದ ತೂಬು.

ಊರಿನವರು ಲೆಕ್ಕ ಇಡುವ ಕ್ರಮ

ಮಳೆಯನ್ನು ಅಳೆಯದೆ ಯಾವ ಲೆಕ್ಕವೂ ಸಾಗದು. ಗ್ರಾಮ ಪಂಚಾಯಿತಿಗಳಲ್ಲಿ ಈಗ ತಾನಾಗಿ ಅಳೆದು ವರದಿ ಕಳುಹಿಸುವ ಯಂತ್ರಗಳಿವೆ. ಅದರ ಅಂಕಿಯನ್ನು ಪ್ರತಿದಿನ ಕೇಳಿ ಬರೆದುಕೊಳ್ಳಬಹುದು. ಆದರೆ ಒಂದೇ ಊರಿನಲ್ಲಿ ಮೂಡಲ ಹೊಲಕ್ಕೆ ಬಿದ್ದ ಮಳೆ ಪಡುವಲ ಹೊಲಕ್ಕೆ ಬೀಳದಿರುವುದುಂಟು. ಆದ್ದರಿಂದ ಮೇಲ್ಬಯಲಿನ ನಡುವೆ ಇನ್ನೊಂದು ಮಾಪಕ ಇಡುವುದು ಒಳ್ಳೆಯದು. ಬಾಯಿಯಿಂದ ತಳದವರೆಗೆ ಒಂದೇ ಅಗಲವುಳ್ಳ ತಗಡಿನ ಡಬ್ಬಿಯೂ ಒಂದು ಅಳತೆಪಟ್ಟಿಯೂ ಸಾಕು. ಮರಕ್ಕೂ ಮನೆಗೂ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ, ಅಲುಗಾಡದಂತೆ ನೆಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ಅಳೆದು ನೀರನ್ನು ಚೆಲ್ಲಬೇಕು. ಶಾಲೆಯ ಮೇಲಿನ ತರಗತಿಯ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಪುಸ್ತಕದಲ್ಲಿ ದಿನದ ಮಳೆಯೊಡನೆ ನೆಲ ಒಣಗಿತ್ತೋ ಹಸಿಯಾಗಿತ್ತೋ ತೊಯ್ದಿತ್ತೋ ಎಂಬುದನ್ನೂ ಬರೆಯಬೇಕು. ತೂಬಿನ ಬಳಿ ಅಡಿ ಅಂಗುಲಗಳ ಗುರುತುಳ್ಳ ಕಲ್ಲನ್ನು ನಿಲ್ಲಿಸಿ, ನೀರುಗಂಟಿಯು ವಾರಕ್ಕೊಮ್ಮೆ ಮಟ್ಟವನ್ನು ಬರೆಸಬೇಕು. ಕೆರೆ ಬತ್ತಿದ ಬೇಸಗೆಯಲ್ಲಿ ಅಂಗಳವನ್ನು ಒಮ್ಮೆ ಅಳೆಯಿಸಿಟ್ಟುಕೊಂಡರೆ, ಯಾವ ಗುರುತಿಗೆ ಎಷ್ಟು ನೀರೆಂಬುದು ತಿಳಿಯುತ್ತದೆ. ದೊಡ್ಡ ಕಛೇರಿಗಳಲ್ಲಿ ಗಣಕಯಂತ್ರಗಳಿಂದ ನದಿಗಳ ಲೆಕ್ಕ ಹಾಕುವವರು ಮಾಡುವುದೂ ಇದನ್ನೇ. ಅವರು ನೆಲವನ್ನು ಸಾವಿರಾರು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಮಳೆ, ಮಣ್ಣು, ಇಳಿಜಾರು, ಬೆಳೆಗಳನ್ನು ಬೇರೆಬೇರೆಯಾಗಿ ಹಿಡಿಯುತ್ತಾರೆ. ಕಡೆಗೆ ಹೊಳೆಯಲ್ಲಿ ಅಳೆದ ನೀರಿನೊಡನೆ ತಾಳೆ ನೋಡದಿದ್ದರೆ ಅವರ ಲೆಕ್ಕವೂ ಬರಿಯ ಊಹೆಯೇ.

ಮೇಲೆ ಹೇಳಿದ ಎರಡು ಚದರ ಮೈಲಿಯ ಕೆರೆಯನ್ನೇ ಮತ್ತೆ ತೆಗೆದುಕೊಂಡು, ಅದರ ಅಚ್ಚುಕಟ್ಟು 60 ಎಕರೆಯೆಂದು ಇಟ್ಟುಕೊಳ್ಳೋಣ. 20 ಅಂಗುಲ ಮಳೆಯ ವರ್ಷ ಬರುವ 105 ಲಕ್ಷ ಘನ ಅಡಿಯಲ್ಲಿ, ನಾಲ್ಕು ತಿಂಗಳ ಬೆಳೆಯ ಕಾಲದಲ್ಲಿ ಆವಿಗೆ 20 ಲಕ್ಷ, ಏರಿಯ ಒಸರಿಗೆ 10 ಲಕ್ಷ ಕಳೆದರೆ, ತೂಬಿಗೆ ಉಳಿಯುವುದು 75 ಲಕ್ಷ. ಒಂದು ಎಕರೆ ಬತ್ತಕ್ಕೆ ಕೆರೆಯಿಂದ ನಾಲ್ಕು ಅಡಿ ನೀರು ಬೇಕೆಂದರೆ ಇದು 43 ಎಕರೆಗೆ ಸಾಕು. 60 ಎಕರೆಗೂ ನಾಟಿ ಮಾಡಿದರೆ 17 ಎಕರೆ ಮಾತ್ರ ಒಣಗುವುದೆಂದು ತಿಳಿಯಬಾರದು. ನೀರನ್ನು ಎಲ್ಲರೂ ಹಂಚಿಕೊಂಡು ಕಡೆಯ ಇಪ್ಪತ್ತು ಇಪ್ಪತ್ತೈದು ದಿನ ಎಲ್ಲರ ಗದ್ದೆಯೂ ಬಾಯಿಬಿಡುತ್ತದೆ. ಅದೇ ನೀರಿನಲ್ಲಿ 30 ಎಕರೆ ಬತ್ತ ಹಾಕಿ ಮಿಕ್ಕ 30 ಎಕರೆಗೆ ಒಂದೂವರೆ ಅಡಿಯಲ್ಲಿ ಆಗುವ ರಾಗಿಯನ್ನೋ ನೆಲಗಡಲೆಯನ್ನೋ ಹಾಕಿದರೆ, ಬೇಕಾಗುವುದು 165 ಎಕರೆ-ಅಡಿ, ಇರುವುದು 172. ಯಾರ ಗದ್ದೆಯೂ ಬೀಳುಬೀಳದು. 10 ಅಂಗುಲದ ವರ್ಷ ಬರುವ 15 ಲಕ್ಷವನ್ನು ಪೈರಿಗೆ ಬಿಡದೆ ದನಕರುಗಳಿಗೂ ಬಾವಿಗಳ ಒರತೆಗೂ ಉಳಿಸುವುದೇ ವಿವೇಕ.

ಬತ್ತ ಯಾರು, ರಾಗಿ ಯಾರು ಎಂಬ ಜಗಳ ಸಹಜ. ಸರದಿಯ ಪ್ರಕಾರ ವರ್ಷ ಬಿಟ್ಟು ವರ್ಷ ಬದಲಾಯಿಸುವ ಪದ್ಧತಿಯನ್ನು ಒಟ್ಟಲು ಹಾಕುವ ಮೊದಲೇ ಸಭೆ ಸೇರಿಸಿ ಗೊತ್ತುಮಾಡಬೇಕು. ಒಟ್ಟಲು ಬೆಳೆದು ನಿಂತಮೇಲೆ ಯಾರೂ ತಮ್ಮ ಪೈರನ್ನು ಬಿಡಲು ಒಪ್ಪುವುದಿಲ್ಲ. ಸಭೆಯಲ್ಲಿ ಮಳೆಯ ಪುಸ್ತಕವೂ ಕಲ್ಲಿನ ಗುರುತಿನ ಪುಸ್ತಕವೂ ಎಲ್ಲರಿಗೂ ಕಾಣುವಂತೆ ಇರಲಿ.

ಮೊದಲ ವರ್ಷದ ಅಂದಾಜು ಕೆರೆಯ ನೀರಿಗೆ ಸರಿಹೊಂದದಿದ್ದರೆ ಧೈರ್ಯಗೆಡಬೇಕಾದುದಿಲ್ಲ. ಕೋಷ್ಟಕವು ಸರಾಸರಿಯ ಲೆಕ್ಕ. ಪ್ರತಿ ಕೆರೆಗೂ ತನ್ನ ಸ್ವಭಾವವಿದೆ. ಮೂರು ವರ್ಷಗಳ ಮಳೆಯನ್ನೂ ನೀರನ್ನೂ ಪಕ್ಕಪಕ್ಕದಲ್ಲಿ ಬರೆದರೆ, ಆ ಕೆರೆ ಕೋಷ್ಟಕಕ್ಕಿಂತ ನೂರಕ್ಕೆ ಎಷ್ಟು ಹೆಚ್ಚು ಅಥವಾ ಕಡಮೆ ಕೊಡುವುದೆಂಬುದು ತಿಳಿದು, ಅಷ್ಟನ್ನು ಮುಂದಿನ ಅಂದಾಜಿಗೆ ಕೂಡಿಸಬಹುದು ಇಲ್ಲವೆ ಕಳೆಯಬಹುದು. ಆಮೇಲೆ ಯಾವುದಾದರೂ ವರ್ಷ, ಮಳೆ ಹಿಂದಿನಷ್ಟೇ ಬಿದ್ದರೂ ನೀರು ಕಡಮೆ ಬಂದರೆ, ಮೇಲ್ಬಯಲಿನಲ್ಲಿ ಏನೋ ಬದಲಾಗಿದೆಯೆಂದು ತಿಳಿದು ಹೊರಟು ನೋಡಬೇಕು. ಮೊದಲು ರಾಜಕಾಲುವೆಯಲ್ಲಿ ಹೂಳು, ಒತ್ತುವರಿ. ಆಮೇಲೆ ರಸ್ತೆಯ ಮೋರಿ. ಆಮೇಲೆ ಮೇಲಿನ ಊರಿನ ಹೊಸ ತಡೆಕಟ್ಟೆ. ಕಡೆಗೆ ಹೊಸ ತೋಪುಗಳೂ ಕೊಳವೆಬಾವಿಗಳೂ ಎಷ್ಟೆಂಬ ಎಣಿಕೆ. ಮೊದಲೆರಡನ್ನು ಊರಿನವರೇ ಒಂದು ವಾರದ ಕೆಲಸದಲ್ಲಿ ಸರಿಪಡಿಸಬಹುದು. ಮೂರನೆಯದಕ್ಕೆ ಮೇಲಿನ ಊರಿನವರೊಡನೆ ಕೂತು ಮಾತನಾಡಬೇಕು, ಆಗ ಎರಡು ಊರುಗಳ ಪುಸ್ತಕಗಳೂ ಎದುರಿಗಿರಬೇಕು.